ಹಾಡಿನ ಸಿಡಿಯಿಂದ ಕಂಪ್ಯೂಟರಿಗೆ ಅಂಟಿದ ಕಾಟ: ಲಕ್ಷಣ ನೋಡಿ ಪತ್ತೆ ಹಚ್ಚುವುದು, ಸರಿಪಡಿಸುವುದು

ದುಡ್ಡು ಕೊಟ್ಟು ಅಂಗಡಿಯಿಂದ ತಂದ ಹಾಡಿನ ಸಿಡಿಯೇ ಕಂಪ್ಯೂಟರಿಗೆ ಅಪಾಯ ತರುತ್ತದೆ ಎಂದರೆ ಮೊದಲಿಗೆ ಯಾರೂ ನಂಬುವುದಿಲ್ಲ. ಆದರೆ 2005ರಲ್ಲಿ ಅಮೆರಿಕದಲ್ಲಿ ಹೀಗೇ ಆಯಿತು. ಸೋನಿ ಬಿಎಂಜಿ ಕಂಪನಿ ತನ್ನ 50ಕ್ಕೂ ಹೆಚ್ಚು ಆಲ್ಬಮ್‌ಗಳ ಜೊತೆ ಎಕ್ಸ್‌ಸಿಪಿ ಎಂಬ ನಕಲು ತಡೆ ಸಾಫ್ಟ್‌ವೇರ್ ಸೇರಿಸಿತ್ತು. ಅದನ್ನು ಬರೆದದ್ದು ಫಸ್ಟ್ 4 ಇಂಟರ್‌ನೆಟ್ ಎಂಬ ಇಂಗ್ಲೆಂಡಿನ ಕಂಪನಿ. ಸುಮಾರು 47 ಲಕ್ಷ ಡಿಸ್ಕ್‌ಗಳು ಅಂಗಡಿಗೆ ಹೋದವು, ಸುಮಾರು 21 ಲಕ್ಷ ಮಾರಾಟವಾದವು. ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ಒಪ್ಪಿಗೆ ಒತ್ತಿದರೆ ಸಾಕು, ಸಾಫ್ಟ್‌ವೇರ್ ಒಳಗೆ ಕೂತು ತನ್ನನ್ನು ತಾನೇ ಮುಚ್ಚಿಟ್ಟುಕೊಳ್ಳುತ್ತಿತ್ತು. ಹೀಗೆ ಅಡಗುವ ಸಾಫ್ಟ್‌ವೇರಿಗೆ ರೂಟ್‌ಕಿಟ್ ಎನ್ನುತ್ತಾರೆ. ಅಲ್ಲಿಯವರೆಗೆ ಅದು ಹೆಚ್ಚಾಗಿ ಕಳ್ಳ ಸಾಫ್ಟ್‌ವೇರ್ ಬರೆಯುವವರ ತಂತ್ರವಾಗಿತ್ತು.

ಅಕ್ಟೋಬರ್ 31, 2005ರಂದು ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ತಜ್ಞರು ಇದನ್ನು ಬಯಲಿಗೆ ತಂದರು. ತಾವೇ ಬರೆದ ರೂಟ್‌ಕಿಟ್ ಪತ್ತೆ ಸಾಧನವನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡುವಾಗ ಅದು ಸಿಕ್ಕಿತು. ಜಾಡು ಹಿಡಿದು ಹೋದರೆ ಅವರು ಕೊಂಡಿದ್ದ ಒಂದು ಸಂಗೀತದ ಸಿಡಿಗೆ ಬಂದು ನಿಂತಿತು. ಎರಡು ವಾರದಲ್ಲಿ ಕಂಪನಿ ಡಿಸ್ಕ್‌ಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿತು.

ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ? ಡಿಸ್ಕ್‌ಗಳಿಗೆ ವಯಸ್ಸಾದರೂ ಅವುಗಳೊಳಗಿನ ಸಾಫ್ಟ್‌ವೇರ್ ಹಾಗೇ ಇದೆ. ಆಗ ಅಮೆರಿಕದಲ್ಲಿದ್ದ ನಮ್ಮವರು ಎಷ್ಟೋ ಜನ ಸಿಡಿ ಕೊಂಡಿದ್ದಾರೆ, ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ತಂದಿದ್ದಾರೆ. ಹಳೆಯ ಸಿಡಿಗಳನ್ನು ಎಂಪಿ3 ಮಾಡಲೆಂದೇ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಉಳಿಸಿಕೊಂಡವರೂ ಇದ್ದಾರೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಯಂತ್ರ ತಂದವರಿಗೆ ಅದರಲ್ಲಿ ಹಿಂದೆ ಯಾರು ಯಾವ ಡಿಸ್ಕ್ ಹಾಕಿದ್ದರೋ ಗೊತ್ತಿರುವುದಿಲ್ಲ. ಈ ಬರಹ ಅಂಥವರಿಗಾಗಿ.

ಕೈ ಹಾಕುವ ಮುಂಚೆ

ಮೊದಲು ಇಂಟರ್‌ನೆಟ್ ಕೇಬಲ್ ತೆಗೆಯಿರಿ, ವೈಫೈ ಇದ್ದರೆ ಆಫ್ ಮಾಡಿ. ಫೋಟೋ, ಕಾಗದಪತ್ರ, ಲೆಕ್ಕದ ಫೈಲ್ ಏನೇ ಇದ್ದರೂ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿಕೊಳ್ಳಿ. ಅನುಮಾನ ಇರುವ ಸಿಡಿಯನ್ನು ಮತ್ತೆ ಹಾಕಿ ನೋಡಬೇಡಿ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಅನುಮಾನದ ಫೈಲ್ ಕಣ್ಣಿಗೆ ಬಿದ್ದ ತಕ್ಷಣ ಅಳಿಸಬೇಡಿ. ಈ ಸಾಫ್ಟ್‌ವೇರ್ ಇದ್ದಾಗ ಆದ ತೊಂದರೆಗಿಂತ ಅದನ್ನು ಅವಸರದಲ್ಲಿ ಕಿತ್ತಾಗ ಆಗುವ ತೊಂದರೆ ಜಾಸ್ತಿ. ಯಾಕೆ ಅನ್ನುವುದನ್ನು ಸಿಡಿ ಡ್ರೈವ್ ಮಾಯವಾಗುವ ಭಾಗದಲ್ಲಿ ಬಿಡಿಸಿ ಹೇಳಿದ್ದೇನೆ.

ಲಕ್ಷಣ: ಏನೂ ಕಾಣುತ್ತಿಲ್ಲ, ಆದರೆ ಅನುಮಾನ ಇದೆ

ಇಲ್ಲಿ ಖರ್ಚಿಲ್ಲ, ಕಂಪ್ಯೂಟರ್ ಆನ್ ಮಾಡುವುದೂ ಬೇಡ. ಸಿಡಿ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ. ಎಕ್ಸ್‌ಸಿಪಿ ಇರುವ ಡಿಸ್ಕಿನ ಡಬ್ಬಿಯ ಅಂಚಿನಲ್ಲಿ 'ಕಂಟೆಂಟ್ ಪ್ರೊಟೆಕ್ಟೆಡ್' ಎಂದು ಅಚ್ಚಾಗಿರುತ್ತದೆ. ಹಿಂಬದಿಯಲ್ಲಿ ಕಪ್ಪು ಬಿಳುಪಿನ ಒಂದು ಚೌಕ. ಅದರೊಳಗೆ ಸಣ್ಣ ಅಕ್ಷರದಲ್ಲಿ ಒಂದು ವೆಬ್ ವಿಳಾಸ. ಆ ವಿಳಾಸದ ಕೊನೆಯಲ್ಲಿ ಎಕ್ಸ್‌ಸಿಪಿ ಅಕ್ಷರಗಳಿದ್ದರೆ ಅನುಮಾನವೇ ಬೇಡ. ಸನ್‌ಕಾಮ್ ಅಥವಾ ಮೀಡಿಯಾಮ್ಯಾಕ್ಸ್ ಹೆಸರಿದ್ದರೆ ಅದು ಸೋನಿ ಬಿಎಂಜಿಯೇ ಬಳಸಿದ ಇನ್ನೊಂದು ಸಾಫ್ಟ್‌ವೇರ್. ಮೀಡಿಯಾಮ್ಯಾಕ್ಸ್ ಅದರ ಹೆಸರು, ಸನ್‌ಕಾಮ್ ಅದನ್ನು ಬರೆದ ಕಂಪನಿ. ಅದರ ದೋಷಗಳೇ ಬೇರೆ, ಮುಂದೆ ಹೇಳುತ್ತೇನೆ.

ಡಬ್ಬಿ ಕಳೆದುಹೋಗಿದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಡಿಸ್ಕ್ ಹಾಕಿದ್ದು ವಿಂಡೋಸ್ ಯಂತ್ರಕ್ಕಾ? ಆಗ ಲಾಗಿನ್ ಆಗಿದ್ದದ್ದು ಅಡ್ಮಿನ್ ಅಕೌಂಟಿನಲ್ಲಾ? ಆ ವಿಂಡೋಸ್ 32 ಬಿಟ್‌ನದಾ? ಮೂರಕ್ಕೂ ಹೌದು ಎಂದಾದರೆ ಮಾತ್ರ ಎಕ್ಸ್‌ಸಿಪಿ ಬಗ್ಗೆ ತಲೆ ಕೆಡಿಸಿಕೊಳ್ಳಿ. ಲಿನಕ್ಸ್‌ನಲ್ಲಿ ಅದು ಓಡುವುದಿಲ್ಲ. ಅಡ್ಮಿನ್ ಹಕ್ಕಿಲ್ಲದ ಅಕೌಂಟಿನಿಂದ ಅದರ ಡ್ರೈವರ್, ಅಂದರೆ ವಿಂಡೋಸ್‌ನ ಒಳಪದರದಲ್ಲಿ ಓಡುವ ಪ್ರೋಗ್ರಾಂ, ಕೂರುವುದಿಲ್ಲ. 64 ಬಿಟ್ ವಿಂಡೋಸ್ ಈ ಹಳೆಯ 32 ಬಿಟ್ ಡ್ರೈವರನ್ನು ಏರಿಸಿಕೊಳ್ಳುವುದೇ ಇಲ್ಲ. ಆದರೆ ಆ ಕಾಲದ ಎಕ್ಸ್‌ಪಿಯಲ್ಲಿ ಮನೆಯ ಪ್ರತಿ ಅಕೌಂಟೂ ಹೆಚ್ಚುಕಮ್ಮಿ ಅಡ್ಮಿನ್ ಆಗಿಯೇ ಇರುತ್ತಿತ್ತು ಅಲ್ವಾ, ಈ ಸಾಫ್ಟ್‌ವೇರ್ ಅಷ್ಟು ಸುಲಭವಾಗಿ ಹರಡಿದ್ದು ಅದರಿಂದಲೇ.

ಮನೆಯ ಸ್ಟೀರಿಯೋದಲ್ಲಿ, ಮಾಮೂಲಿ ಸಿಡಿ ಪ್ಲೇಯರಿನಲ್ಲಿ ಇಂಥ ಡಿಸ್ಕ್ ಹಾಕಿದ್ದರೆ ಯಾವ ಭಯವೂ ಇಲ್ಲ. ಅವು ಹಾಡಿನ ಭಾಗವನ್ನಷ್ಟೇ ಓದುತ್ತವೆ.

ಲಕ್ಷಣ: ಡಿಸ್ಕ್ ಹಾಕಿದಾಗ ಒಪ್ಪಂದದ ಕಿಟಕಿ ಬಂದಿತ್ತು, ಬೇರೆ ಪ್ಲೇಯರಿನಲ್ಲಿ ಹಾಡು ಬರಲಿಲ್ಲ

ಮಾಮೂಲಿ ಹಾಡಿನ ಸಿಡಿ ಯಾವ ಒಪ್ಪಂದವನ್ನೂ ಕೇಳುವುದಿಲ್ಲ. ಕೇಳಿತು ಎಂದರೆ ಡಿಸ್ಕಿನಲ್ಲಿ ಹಾಡಿನ ಜೊತೆ ಪ್ರೋಗ್ರಾಂ ಇದೆ ಎಂದರ್ಥ. ವಿಂಡೋಸ್‌ನ ಆಟೋರನ್ ಸೌಲಭ್ಯ ಅದನ್ನು ತಾನಾಗಿ ಎಬ್ಬಿಸಿದೆ.

ಎಕ್ಸ್‌ಸಿಪಿ ಡಿಸ್ಕ್ ತನ್ನದೇ ಪ್ಲೇಯರ್ ತೆರೆಯುತ್ತಿತ್ತು, ಮೂರು ಪ್ರತಿ ಮಾತ್ರ ಮಾಡಲು ಬಿಡುತ್ತಿತ್ತು. ಕಂಪ್ಯೂಟರಿಗೆ ಇಳಿಸಿಕೊಂಡ ಹಾಡು ಐಪಾಡಿಗೆ ಹೋಗುತ್ತಿರಲಿಲ್ಲ. ಇನ್‌ಸ್ಟಾಲ್ ಆಗುವ ಹೊತ್ತಿಗೆ ಸಿಡಿ ನಕಲು ಮಾಡುವ ಪ್ರೋಗ್ರಾಂ ತೆರೆದಿದ್ದರೆ ಅದನ್ನು ಮುಚ್ಚಿ ಎಂದು ಹೇಳಿ, 30 ಸೆಕೆಂಡು ಎಣಿಸಿ, ಡಿಸ್ಕನ್ನು ಹೊರಗೆ ತಳ್ಳುತ್ತಿತ್ತು. ಸುಮಾರು 200 ಪ್ರೋಗ್ರಾಂಗಳ ಪಟ್ಟಿ ಅದರೊಳಗಿತ್ತು. ಇದರಲ್ಲಿ ಯಾವುದಾದರೂ ನೆನಪಿಗೆ ಬಂದರೆ ಮುಂದಿನ ಪರೀಕ್ಷೆಗೆ ಹೋಗಿ.

ಒಪ್ಪಂದದಲ್ಲಿ ಸಾಫ್ಟ್‌ವೇರ್ ಹಾಕುತ್ತೇವೆ ಎಂದಷ್ಟೇ ಇತ್ತು. ಫೈಲ್ ಅಡಗಿಸುತ್ತೇವೆ, ಇದನ್ನು ತೆಗೆಯಲು ದಾರಿ ಇಟ್ಟಿಲ್ಲ ಎಂಬುದು ಇರಲಿಲ್ಲ. ಹಾಗಾಗಿ ಒಪ್ಪಿಗೆ ಒತ್ತಿದವರು ತಮ್ಮದೇ ತಪ್ಪು ಎಂದುಕೊಳ್ಳಬೇಕಿಲ್ಲ. ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಲಕ್ಷಣ: ಹೆಸರಿಟ್ಟ ಫೈಲ್ ಕಣ್ಣೆದುರೇ ಮಾಯ

ಇಡೀ ಬರಹದಲ್ಲಿ ಒಂದೇ ಪರೀಕ್ಷೆ ಮಾಡುತ್ತೀರಾದರೆ ಇದನ್ನು ಮಾಡಿ. ಒಂದು ನಿಮಿಷದ ಕೆಲಸ, ಯಾವ ಸಾಧನವೂ ಬೇಡ.

ಎಕ್ಸ್‌ಸಿಪಿಯ ಅಡಗಿಸುವ ಡ್ರೈವರಿನ ಹೆಸರು ಏರೀಸ್. ವಿಂಡೋಸ್‌ನಲ್ಲಿ ಯಾವುದೇ ಪ್ರೋಗ್ರಾಂ ಫೈಲ್‌ಗಳ ಪಟ್ಟಿ ಕೇಳಿದಾಗ ಅದು ನಡುವೆ ನಿಂತು ಪಟ್ಟಿಯನ್ನು ತಿದ್ದುತ್ತದೆ. ಡಾಲರ್ ಚಿಹ್ನೆ, ಎಸ್, ವೈ, ಎಸ್, ಮತ್ತೆ ಡಾಲರ್ ಚಿಹ್ನೆ, ಈ ಐದು ಗುರುತುಗಳಿಂದ ಶುರುವಾಗುವ ಹೆಸರು ಯಾವುದೇ ಇರಲಿ, ಅದನ್ನು ಪಟ್ಟಿಯಿಂದ ಕಿತ್ತುಹಾಕುತ್ತದೆ. ಫೈಲ್, ಫೋಲ್ಡರ್, ಓಡುತ್ತಿರುವ ಪ್ರೋಗ್ರಾಂ, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಕೀ ಎಲ್ಲಕ್ಕೂ ಇದೇ ನಿಯಮ. ಇನ್ನು ಮುಂದೆ ಈ ಗುರುತನ್ನು $ಸಿಸ್$ ಎಂದು ಬರೆಯುತ್ತೇನೆ. ನೀವು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.

ಡೆಸ್ಕ್‌ಟಾಪ್ ಮೇಲೆ ಒಂದು ಖಾಲಿ ನೋಟ್‌ಪ್ಯಾಡ್ ಫೈಲ್ ಮಾಡಿ. ಅದರ ಹೆಸರಿನ ಮೊದಲಿಗೆ $ಸಿಸ್$ ಸೇರಿಸಿ ಎಂಟರ್ ಒತ್ತಿ. ಒಮ್ಮೆ ರಿಫ್ರೆಶ್ ಮಾಡಿ.

ಫೈಲ್ ಅಲ್ಲೇ ಇದ್ದರೆ ಅಡಗಿಸುವ ಡ್ರೈವರ್ ಈಗ ಓಡುತ್ತಿಲ್ಲ. ಅದು ನೆಮ್ಮದಿಯ ಸುದ್ದಿ, ಆದರೆ ಪೂರ್ತಿ ಬಿಡುಗಡೆ ಅಲ್ಲ. ಹಿಂದೆ ಯಾರೋ ಅಡಗಿಸುವ ಭಾಗವನ್ನಷ್ಟೇ ತೆಗೆದಿರಬಹುದು, ಉಳಿದದ್ದು ಇನ್ನೂ ಇರಬಹುದು. ಮೀಡಿಯಾಮ್ಯಾಕ್ಸ್ ಇದೆಯೋ ಇಲ್ಲವೋ ಎಂಬುದೂ ಇದರಿಂದ ಗೊತ್ತಾಗುವುದಿಲ್ಲ.

ಫೈಲ್ ಮಾಯವಾದರೆ ಎಕ್ಸ್‌ಸಿಪಿ ಜೀವಂತವಾಗಿದೆ. ಫೈಲ್ ಅಳಿದುಹೋಗಿಲ್ಲ, ಪಟ್ಟಿಯಲ್ಲಿ ತೋರುತ್ತಿಲ್ಲ ಅಷ್ಟೇ. ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ. ಈ ಡ್ರೈವರ್ ಪಟ್ಟಿಯಿಂದ ಮರೆಮಾಡುತ್ತದೆ, ಆದರೆ ಪೂರ್ತಿ ಹೆಸರು ಹೇಳಿ ಒಳಗೆ ಹೋಗುವವರನ್ನು ತಡೆಯುವುದಿಲ್ಲ. ಆಜ್ಞೆ ಬರೆಯುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸ್ ಫೋಲ್ಡರಿನ ಸಿಸ್ಟಮ್32ರ ಒಳಗೆ $ಸಿಸ್$ಫೈಲ್‌ಸಿಸ್ಟಮ್ ($sys$filesystem) ಎಂಬ ಫೋಲ್ಡರಿಗೆ cd ಆಜ್ಞೆ (ಫೋಲ್ಡರಿನೊಳಗೆ ಹೋಗುವ ಆಜ್ಞೆ, ಡಿಸ್ಕ್ ಅಲ್ಲ) ಕೊಟ್ಟು ಹೋಗಲು ನೋಡಿ. ಎಕ್ಸ್‌ಪ್ಲೋರರಿನಲ್ಲಿ ಕಾಣದ ಫೋಲ್ಡರಿಗೆ ಪ್ರಾಂಪ್ಟ್ ನುಗ್ಗಿದರೆ ಬೇರೆ ಸಾಕ್ಷಿ ಬೇಕಿಲ್ಲ. ಅಂಥ ಫೋಲ್ಡರ್ ಇಲ್ಲ ಎಂದು ಹೇಳಿದರೆ ಎಕ್ಸ್‌ಸಿಪಿ ಅಲ್ಲಿ ಕೂತಿಲ್ಲ.

ಸೇಫ್ ಮೋಡಿಗೆ ಹೋಗಿ ನೋಡುತ್ತೇನೆ ಎಂದರೆ ಪ್ರಯೋಜನ ಕಡಿಮೆ. ಈ ಡ್ರೈವರ್‌ಗಳು ಸೇಫ್ ಮೋಡಿನಲ್ಲೂ ಏಳುವಂತೆ ಬರೆದುಕೊಂಡಿರುತ್ತವೆ. ಇದು ನನಗೆ ತುಂಬ ಬೇಸರ ತರಿಸುವ ವಿಷಯ. ಯಂತ್ರ ಕೆಟ್ಟಾಗ ಕಷ್ಟದಲ್ಲಿರುವವನಿಗೆ ಉಳಿದಿರುವ ಕೊನೆಯ ಬಾಗಿಲು ಸೇಫ್ ಮೋಡ್. ಹಾಡು ನಕಲಾಗದಿರಲಿ ಎಂದು ಅಲ್ಲೂ ಹೋಗಿ ಕೂರುವ ಅಗತ್ಯ ಯಾವುದಕ್ಕೂ ಇಲ್ಲ.

ಲಕ್ಷಣ: ಯಂತ್ರ ನಿಧಾನ, ಆಗಾಗ ನೀಲಿ ಪರದೆ

ನಿಧಾನಕ್ಕೆ ನೂರು ಕಾರಣ ಇರುತ್ತದೆ. ಧೂಳು ಹಿಡಿದ ಫ್ಯಾನ್, ತುಂಬಿದ ಹಾರ್ಡ್ ಡಿಸ್ಕ್, ಕಡಿಮೆ ರ‍್ಯಾಮ್. ಮೊದಲು ಅವನ್ನು ನೋಡಿ. ಎಕ್ಸ್‌ಸಿಪಿಯಿಂದ ಆಗುವ ನಿಧಾನ ದೊಡ್ಡದಲ್ಲ. ಹಿನ್ನೆಲೆಯಲ್ಲಿ ಓಡುವ ಅದರ ಸರ್ವಿಸ್ ಎರಡು ಸೆಕೆಂಡಿಗೊಮ್ಮೆ ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ಪರಿಶೀಲಿಸುತ್ತದೆ, ಪ್ರೊಸೆಸರಿನ ಒಂದೆರಡು ಶೇಕಡಾ ಹಿಡಿದಿಡುತ್ತದೆ. ಸಿಡಿ ಡ್ರೈವಿನಲ್ಲಿ ಡಿಸ್ಕ್ ಇಲ್ಲದಾಗಲೂ ಇದು ನಿಲ್ಲುವುದಿಲ್ಲ. ಸುಮ್ನೆ ಕೂತ ಯಂತ್ರದಲ್ಲಿ ಹಾರ್ಡ್ ಡಿಸ್ಕಿನ ದೀಪ ಒಂದೇ ಲಯದಲ್ಲಿ ಮಿನುಗುತ್ತಿದ್ದು, ಟಾಸ್ಕ್ ಮ್ಯಾನೇಜರಿನಲ್ಲಿ ಅದಕ್ಕೆ ತಕ್ಕ ಪ್ರೋಗ್ರಾಂ ಕಾಣದಿದ್ದರೆ ಫೈಲ್ ಹೆಸರಿನ ಪರೀಕ್ಷೆ ಮಾಡಿ.

ಸರ್ವಿಸ್‌ಗಳ ಪಟ್ಟಿಯನ್ನೂ ನೋಡಬಹುದು. ಎಕ್ಸ್‌ಸಿಪಿಯ ಸರ್ವಿಸ್ ತನ್ನನ್ನು 'ಪ್ಲಗ್ ಅಂಡ್ ಪ್ಲೇ ಡಿವೈಸ್ ಮ್ಯಾನೇಜರ್' ಎಂದು ಕರೆದುಕೊಳ್ಳುತ್ತಿತ್ತು. ವಿಂಡೋಸ್‌ನದೇ ಆದ 'ಪ್ಲಗ್ ಅಂಡ್ ಪ್ಲೇ' ಸರ್ವಿಸ್ ಬೇರೆ ಇದೆ, ಅದಕ್ಕೆ ಕೈ ಹಚ್ಚಬೇಡಿ. ಎಕ್ಸ್‌ಸಿಪಿಯದು ಜನ ಮೋಸ ಹೋಗಲಿ ಎಂದೇ ಇಟ್ಟಂಥ ಹೆಸರು.

ನೀಲಿ ಪರದೆಯ ಮಾತು ಗಂಭೀರ. ಏರೀಸ್ ಡ್ರೈವರ್ ವಿಂಡೋಸ್‌ನ ಒಳಗಿನ ಕರೆಗಳನ್ನು ಹಿಡಿದು ನೋಡುತ್ತದೆ, ಆದರೆ ಬಂದ ವಿವರ ಸರಿಯಿದೆಯೇ ಎಂದು ನೋಡದೆ ಬಳಸುತ್ತದೆ. ಬೇರೊಂದು ಪ್ರೋಗ್ರಾಂ ತಪ್ಪು ವಿವರ ಕೊಟ್ಟರೆ ಆ ಪ್ರೋಗ್ರಾಂ ಮಾತ್ರ ನಿಲ್ಲಬೇಕಿತ್ತು, ಇಲ್ಲಿ ಇಡೀ ಯಂತ್ರ ಬೀಳುತ್ತದೆ. ನೀಲಿ ಪರದೆ ಪದೇ ಪದೇ ಬರುತ್ತಿದ್ದು ಫೈಲ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಇಲ್ಲೇ ನಿಲ್ಲಿಸಿ. ರ‍್ಯಾಮ್ ಅಥವಾ ಹಾರ್ಡ್ ಡಿಸ್ಕ್ ಕೆಟ್ಟಿರಬಹುದು, ರಿಪೇರಿಯವರಿಗೆ ತೋರಿಸಿ.

ಲಕ್ಷಣ: ಎಂಪಿ3 ಮಾಡಿದ ಹಾಡಿನಲ್ಲಿ ಬರೀ ಗೊರಗೊರ ಸದ್ದು

ಅದೇ ಡಿಸ್ಕನ್ನು ಮನೆಯ ಪ್ಲೇಯರಿನಲ್ಲಿ ಹಾಕಿ ಕೇಳಿ. ಅಲ್ಲೂ ಕೆಟ್ಟ ಸದ್ದು ಬಂದರೆ ಡಿಸ್ಕಿನಲ್ಲೇ ಗೀರು ಇದೆ. ಅಲ್ಲಿ ಚೆನ್ನಾಗಿ ಬಂದರೆ ಕಂಪ್ಯೂಟರಿಗೆ ಬೇರೆ ಯಾವುದಾದರೂ ಮಾಮೂಲಿ ಸಿಡಿ ಹಾಕಿ ಎಂಪಿ3 ಮಾಡಿ. ಈ ಎರಡನೆಯ ಡಿಸ್ಕ್ ಸರಿ ಬಂದು, ಮೊದಲನೆಯದು ಮಾತ್ರ ಗೊರಗೊರ ಎಂದರೆ ಡ್ರೈವ್ ಕೆಟ್ಟಿಲ್ಲ. ಕಾವಲು ಡ್ರೈವರ್ ಕೆಲಸ ಮಾಡುತ್ತಿದೆ. ಎಕ್ಸ್‌ಸಿಪಿ ಮತ್ತು ಮೀಡಿಯಾಮ್ಯಾಕ್ಸ್ ಎರಡೂ ತಾವು ಕಾಯುವ ಡಿಸ್ಕನ್ನು ಗುರುತು ಹಿಡಿದು, ಬೇರೆ ಪ್ರೋಗ್ರಾಂ ಓದಲು ಬಂದಾಗ ಹಾಡಿನ ಬದಲು ಗದ್ದಲ ಕೊಡುತ್ತವೆ. ಹೊಸ ಡ್ರೈವ್ ಕೊಳ್ಳುವ ಮುಂಚೆ ಇಷ್ಟು ಮಾಡಿ ನೋಡಿದರೆ ದುಡ್ಡು ಉಳಿಯುತ್ತದೆ.

ಲಕ್ಷಣ: ಡಿಸ್ಕ್ ಓದುವುದೇ ಇಲ್ಲ, ಡ್ರೈವಿನಲ್ಲೇ ಸಿಕ್ಕಿಕೊಳ್ಳುತ್ತದೆ

ಇದು ಬೇರೆ ಪೀಳಿಗೆಯ ಕಾಟ. 2001, 2002ರ ಹೊತ್ತಿಗೆ ಯುರೋಪಿನಲ್ಲಿ ಮಾರಿದ ಕೆಲವು ಡಿಸ್ಕ್‌ಗಳಲ್ಲಿ ಸಾಫ್ಟ್‌ವೇರ್ ಬದಲು ಡಿಸ್ಕಿನ ಬರಹದಲ್ಲೇ ಬೇಕೆಂದು ತಪ್ಪು ತುಂಬಿರುತ್ತಿದ್ದರು. ಕಂಪ್ಯೂಟರ್ ಡ್ರೈವ್ ಅದನ್ನು ಓದಲಾಗದೆ ತಡವರಿಸಲಿ ಎಂಬ ಉದ್ದೇಶ. ಕೆಲವು ಐಮ್ಯಾಕ್‌ಗಳಲ್ಲಿ ಡಿಸ್ಕ್ ಒಳಗೇ ಸಿಕ್ಕಿಕೊಂಡಿತು. ಸಿಡಿಯನ್ನು ರೂಪಿಸಿದ ಕಂಪನಿಗಳಲ್ಲಿ ಒಂದಾದ ಫಿಲಿಪ್ಸ್, ಇಂಥವಕ್ಕೆ ಸಿಡಿಯ ಚಿಹ್ನೆ ಹಾಕಕೂಡದು ಎಂದು ಆಕ್ಷೇಪ ಎತ್ತಿತು. ಆದ್ದರಿಂದ ಡಬ್ಬಿಯ ಮೇಲೆ ಆ ಚಿಹ್ನೆ ಇಲ್ಲದಿದ್ದರೆ ಅದೂ ಒಂದು ಸುಳಿವು. ಇವುಗಳಿಂದ ಯಂತ್ರದೊಳಗೆ ಏನೂ ಉಳಿಯುವುದಿಲ್ಲ. ಡ್ರೈವಿನ ಮುಂದಿರುವ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಹಾಕಿ ಟ್ರೇ ಹೊರಗೆ ತೆಗೆಯಿರಿ. ಅದಕ್ಕೂ ಮುಂಚೆ ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತಿರಬೇಕು. ತೂತು ಇಲ್ಲದ, ಡಿಸ್ಕನ್ನು ನೇರ ಒಳಗೆಳೆದುಕೊಳ್ಳುವ ಡ್ರೈವ್ ಆದರೆ ಬಲ ಹಾಕಬೇಡಿ, ಬಿಚ್ಚಬಲ್ಲವರಿಗೆ ಕೊಡಿ. ಡಿಸ್ಕಿನ ಅಂಚಿಗೆ ಮಾರ್ಕರ್ ಪೆನ್ ಬಳಿಯುವ ಉಪಾಯ ಆಗ ಸುದ್ದಿಯಾಗಿತ್ತು. ನಾನು ಹೇಳುವುದು ಬೇಡ ಎಂದೇ. ಡಿಸ್ಕೂ ಹಾಳು, ಶಾಯಿ ಡ್ರೈವಿನೊಳಗೂ ಹತ್ತಬಹುದು.

ಲಕ್ಷಣ: ಆಂಟಿವೈರಸ್ ವೈರಸ್ ಇದೆ ಎನ್ನುತ್ತದೆ, ಫೈಲ್ ಕಾಣುವುದಿಲ್ಲ

ಇಲ್ಲಿಂದ ಮುಂದೆ ಮಾತು ನಕಲು ತಡೆಯನ್ನು ಮೀರಿ ಹೋಗುತ್ತದೆ. ಎಕ್ಸ್‌ಸಿಪಿ ತನ್ನ ಫೈಲ್‌ಗಳನ್ನಷ್ಟೇ ಮರೆಮಾಡಿದ್ದರೆ ಒಂದು ಮಾತು. $ಸಿಸ್$ ಎಂದು ಶುರುವಾಗುವ ಯಾರದೇ ಫೈಲ್ ಆದರೂ ಅದು ಮುಚ್ಚಿಡುತ್ತದೆ. ಕಳ್ಳರಿಗೆ ಇನ್ನೇನು ಬೇಕು? ನವೆಂಬರ್ 10, 2005ರ ಹೊತ್ತಿಗೆ, ಅಂದರೆ ಸುದ್ದಿ ಹೊರಬಿದ್ದ ಹತ್ತೇ ದಿನಕ್ಕೆ, ಬ್ರೆಪ್ಲಿಬಾಟ್ ಎಂಬ ಟ್ರೋಜನ್, ಅಂದರೆ ಒಳ್ಳೆಯ ಫೈಲಿನ ವೇಷದಲ್ಲಿ ಬರುವ ಕಳ್ಳ ಸಾಫ್ಟ್‌ವೇರ್, ಬಂತು. ಇಮೇಲ್ ಮೂಲಕ ಬಂದು, ಯಂತ್ರದಲ್ಲಿ ತನ್ನ ಹೆಸರನ್ನು $ಸಿಸ್$ ಎಂದು ಶುರುಮಾಡಿಕೊಳ್ಳುತ್ತಿತ್ತು. ಎಕ್ಸ್‌ಸಿಪಿ ಇರುವ ಯಂತ್ರದಲ್ಲಿ ಅದು ಆಂಟಿವೈರಸ್ ಕಣ್ಣಿಗೂ ಬೀಳದೆ ಕೂರಬಹುದಿತ್ತು. ಅದಕ್ಕೂ ಮುಂಚೆಯೇ ಆನ್‌ಲೈನ್ ಆಟದಲ್ಲಿ ಮೋಸ ಮಾಡುವವರು ತಮ್ಮ ಸಾಧನಗಳನ್ನು ಇದೇ ಮರೆಯಲ್ಲಿ ಇಟ್ಟುಕೊಂಡಿದ್ದರು.

ಹಾಗಾಗಿ ಫೈಲ್ ಪರೀಕ್ಷೆಯಲ್ಲಿ ಎಕ್ಸ್‌ಸಿಪಿ ಸಿಕ್ಕಿದ್ದು, ಜೊತೆಗೆ ಆಂಟಿವೈರಸ್ ಟ್ರೋಜನ್ ಹೆಸರು ಹೇಳುತ್ತಿದ್ದರೆ, ಆ ಯಂತ್ರವನ್ನು ರಿಪೇರಿ ಮಾಡಲು ಹೋಗಬೇಡಿ. ಬ್ಯಾಕಪ್ ತೆಗೆದು, ಅದನ್ನು ಬೇರೆ ಒಳ್ಳೆಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ. ಆ ಯಂತ್ರದಲ್ಲಿ ಬ್ಯಾಂಕ್ ಅಥವಾ ಇಮೇಲ್ ಪಾಸ್‌ವರ್ಡ್ ಒತ್ತಿದ್ದರೆ ಬೇರೆ ಯಂತ್ರದಿಂದ ಎಲ್ಲವನ್ನೂ ಬದಲಿಸಿ. ಆಫೀಸಿನ ಯಂತ್ರವಾದರೆ ನೀವಾಗಿ ಏನೂ ಮಾಡದೆ ಅಲ್ಲಿನ ಐಟಿಯವರಿಗೆ ಹೇಳಿ.

ಎಕ್ಸ್‌ಸಿಪಿ ಮಾತ್ರ ಸಿಕ್ಕಿದ್ದರೆ

ಮೊದಲು ಮರೆ ತೆಗೆಯಬೇಕು, ಆಮೇಲೆ ಉಳಿದದ್ದು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಎಸ್‌ಸಿ ಡಿಲೀಟ್ ಎಂಬ ಆಜ್ಞೆಯ ಮುಂದೆ $ಸಿಸ್$ಏರೀಸ್ ಹೆಸರು ಕೊಡಿ (ಇಂಗ್ಲಿಷಿನಲ್ಲಿ sc delete $sys$aries). ಆಮೇಲೆ ಯಂತ್ರ ರೀಸ್ಟಾರ್ಟ್ ಮಾಡಿ. ಓಡುತ್ತಿರುವಾಗಲೇ ಡ್ರೈವರನ್ನು ನಿಲ್ಲಿಸಲು ಹೋಗಬೇಡಿ. ಅದೇ ಗಳಿಗೆಯಲ್ಲಿ ಯಾವುದಾದರೂ ಪ್ರೋಗ್ರಾಂ ಅದರ ಮೂಲಕ ಹಾದುಹೋಗುತ್ತಿದ್ದರೆ ಯಂತ್ರ ಕುಸಿಯುತ್ತದೆ. ಕಂಪನಿ ಮೊದಲು ಕೊಟ್ಟ ಪ್ಯಾಚ್ ಹೀಗೆ ಓಡುತ್ತಿರುವಾಗಲೇ ಕೀಳುತ್ತಿತ್ತು, ರುಸಿನೋವಿಚ್ ಅದನ್ನೂ ಎತ್ತಿ ತೋರಿಸಿದರು.

ರೀಸ್ಟಾರ್ಟ್ ಆದ ಮೇಲೆ ಫೈಲ್ ಪರೀಕ್ಷೆ ಮತ್ತೆ ಮಾಡಿ. ಈಗ ಫೈಲ್ ಕಾಣಬೇಕು. ಸಿಸ್ಟಮ್32ರ ಆ ಫೋಲ್ಡರೂ ಕಾಣಬೇಕು. ಕಂಡಿತೆಂದು ಡಿಲೀಟ್ ಒತ್ತಬೇಡಿ! ಒಮ್ಮೆ ಪೂರ್ತಿ ಆಂಟಿವೈರಸ್ ಸ್ಕ್ಯಾನ್ ಮಾಡಿ. ಇಷ್ಟು ದಿನ ಮರೆಯಲ್ಲಿದ್ದ ಬೇರೇನಾದರೂ ಇದ್ದರೆ ಈಗ ಸಿಗುತ್ತದೆ. ಮೈಕ್ರೋಸಾಫ್ಟ್ ಕೂಡ 2005ರ ಡಿಸೆಂಬರಿನಿಂದ ತನ್ನ ಸಾಫ್ಟ್‌ವೇರ್ ಸ್ವಚ್ಛತಾ ಸಾಧನದಲ್ಲಿ ಇದನ್ನು ಹಿಡಿಯಲು ಶುರುಮಾಡಿತು. ಆದರೆ ಅದು ತೆಗೆಯುವುದು ಅಡಗಿಸುವ ಭಾಗವನ್ನು ಮಾತ್ರ.

ಇಲ್ಲಿಗೆ ನಿಲ್ಲಿಸಿದರೂ ತಪ್ಪಿಲ್ಲ. ದೊಡ್ಡ ಅಪಾಯ ಇದ್ದದ್ದು ಮರೆಯಲ್ಲಿ. ಸಿಡಿ ಡ್ರೈವ್ ಕಾಯುವ ಡ್ರೈವರ್ ಉಳಿದರೆ ಹಳೆಯ ಡಿಸ್ಕ್ ನಕಲಾಗುವುದಿಲ್ಲ ಅಷ್ಟೇ. ಪೂರ್ತಿ ಶುಚಿಯಾಗಬೇಕು ಎನ್ನುವವರಿಗೆ ನನ್ನ ಸಲಹೆ ಮತ್ತೆ ಅದೇ, ಬ್ಯಾಕಪ್ ಮತ್ತು ಫಾರ್ಮ್ಯಾಟ್. ಕೈಯಿಂದ ಒಂದೊಂದಾಗಿ ಕೀಳುವ ದಾರಿಗಿಂತ ಅದು ಕಡಿಮೆ ಹೊತ್ತು ಹಿಡಿಯುತ್ತದೆ, ನಂಬಿಕೆಯೂ ಇರುತ್ತದೆ.

ಲಕ್ಷಣ: ಫೈಲ್ ಅಳಿಸಿದ ಮೇಲೆ ಸಿಡಿ ಡ್ರೈವೇ ಕಾಣುತ್ತಿಲ್ಲ

ಮೈ ಕಂಪ್ಯೂಟರ್ ತೆರೆದರೆ ಸಿಡಿ ಡ್ರೈವಿನ ಚಿತ್ರ ಇಲ್ಲ. ಟ್ರೇ ಒಳಗೆ ಹೊರಗೆ ಹೋಗುತ್ತದೆ, ದೀಪ ಹತ್ತುತ್ತದೆ, ವಿಂಡೋಸ್‌ಗೆ ಮಾತ್ರ ಡ್ರೈವ್ ಕಾಣುವುದಿಲ್ಲ. 2005ರಲ್ಲಿ ಎಷ್ಟೋ ಜನ ಇದನ್ನು ಕಂಡು ಡ್ರೈವ್ ಕೆಟ್ಟಿತೆಂದೇ ಅಂದುಕೊಂಡರು.

ಎಕ್ಸ್‌ಸಿಪಿ ಎರಡು ಫಿಲ್ಟರ್ ಡ್ರೈವರ್‌ಗಳನ್ನು ಕೂರಿಸುತ್ತದೆ. ಕ್ರೇಟರ್ ಎಂಬುದು ಸಿಡಿ ಡ್ರೈವಿನ ಕೆಳಗೆ, ಕಾರ್ ಎಂಬುದು ಐಡಿಇ ಚಾನೆಲ್ (ಡ್ರೈವ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ) ಮೇಲೆ. ವಿಂಡೋಸ್‌ಗೂ ಡ್ರೈವಿಗೂ ನಡುವಿನ ಎಲ್ಲ ಮಾತೂ ಇವುಗಳ ಮೂಲಕವೇ ಹೋಗಬೇಕು. ನಲ್ಲಿಯ ಪೈಪಿನ ನಡುವೆ ಕೂರಿಸಿದ ಮೀಟರ್ ಕಿತ್ತು, ಪೈಪನ್ನು ಮತ್ತೆ ಜೋಡಿಸದೆ ಬಿಟ್ಟರೆ ನೀರು ಬರುತ್ತದೆಯೇ? ಫೈಲ್ ಅಳಿಸಿದಾಗ ಆಗುವುದು ಅದೇ. ರಿಜಿಸ್ಟ್ರಿಯಲ್ಲಿ ಹೆಸರು ಉಳಿದಿರುತ್ತದೆ, ಫೈಲ್ ಇರುವುದಿಲ್ಲ. ವಿಂಡೋಸ್ ಆ ಫಿಲ್ಟರ್ ಹುಡುಕಿ, ಸಿಗದೆ, ಇಡೀ ಡ್ರೈವನ್ನೇ ಕೈಬಿಡುತ್ತದೆ.

ಪತ್ತೆ ಹಚ್ಚುವ ಕ್ರಮ ಹೀಗಿರಲಿ. ಮೊದಲು ಬಯಾಸ್‌ಗೆ (ವಿಂಡೋಸ್ ಏಳುವ ಮುಂಚೆ ಬರುವ ಸೆಟ್ಟಿಂಗ್ ಪರದೆ) ಹೋಗಿ ಡ್ರೈವಿನ ಹೆಸರು ಇದೆಯೇ ನೋಡಿ, ಅಥವಾ ಲಿನಕ್ಸ್ ಬೂಟ್ ಸಿಡಿ ಹಾಕಿ ಯಂತ್ರ ಎಬ್ಬಿಸಿ. ಲಿನಕ್ಸ್ ಎದ್ದರೆ ಡ್ರೈವ್ ಗಟ್ಟಿಯಾಗಿದೆ, ದೋಷ ವಿಂಡೋಸ್‌ನದು. ಏಳದಿದ್ದರೆ, ಬಯಾಸ್‌ನಲ್ಲೂ ಕಾಣದಿದ್ದರೆ, ಪ್ಲಗ್ ಕಿತ್ತು ಕೇಬಲ್ ಒತ್ತಿ ಕೂರಿಸಿ ಮತ್ತೆ ನೋಡಿ. ಆಗಲೂ ಇಲ್ಲದಿದ್ದರೆ ಡ್ರೈವೇ ಕೆಟ್ಟಿದೆ, ಇದಕ್ಕೂ ಹಾಡಿನ ಸಿಡಿಗೂ ಸಂಬಂಧವಿಲ್ಲ.

ಡ್ರೈವ್ ಗಟ್ಟಿ ಎಂದಾದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸಿಡಿ ಡ್ರೈವಿನ ಪಕ್ಕ ಹಳದಿ ಗುರುತು, ಅದರ ವಿವರದಲ್ಲಿ ಕೋಡ್ 19, 31, 32, 39 ಅಥವಾ 41 ಇದ್ದರೆ ಫಿಲ್ಟರ್ ತೊಂದರೆಯ ಸಾಧ್ಯತೆ ಜಾಸ್ತಿ. ಇದು ಎಕ್ಸ್‌ಸಿಪಿಯಿಂದಲೇ ಆಗಬೇಕೆಂದಿಲ್ಲ, ಸಿಡಿ ಬರೆಯುವ ಕೆಲವು ಪ್ರೋಗ್ರಾಂಗಳನ್ನು ತೆಗೆದಾಗಲೂ ಹೀಗಾಗುತ್ತದೆ. ಅತಿ ಸುಲಭದ ಮದ್ದು ಸಿಸ್ಟಮ್ ರಿಸ್ಟೋರ್. ಫೈಲ್ ಅಳಿಸುವ ಮುಂಚಿನ ದಿನಕ್ಕೆ ಯಂತ್ರವನ್ನು ತಿರುಗಿಸಿ ನೋಡಿ. ಆಗ ಎಕ್ಸ್‌ಸಿಪಿಯೂ ಹಿಂದಿರುಗಿ ಬರಬಹುದು, ಆದರೆ ಡ್ರೈವ್ ಸಿಕ್ಕಿದ ಮೇಲೆ ಮೇಲಿನ ಕ್ರಮದಲ್ಲಿ ಮರೆ ತೆಗೆಯಬಹುದು.

ಅದೂ ಆಗದಿದ್ದರೆ ಉಳಿದದ್ದು ರಿಜಿಸ್ಟ್ರಿ. ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ಹೆಸರುಗಳನ್ನು ಹುಡುಕಬೇಕು. ಸಿಡಿ ಡ್ರೈವಿನ ಕ್ಲಾಸ್ ಕೀಯಲ್ಲಿ ಎರಡನ್ನೂ ಪೂರ್ತಿ ಅಳಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಎಕ್ಸ್‌ಸಿಪಿಗೆ ಅದು ಸಾಲುವುದಿಲ್ಲ. ಅದು ಪ್ರತಿ ಸಾಧನದ ಸ್ವಂತ ಕೀಯೊಳಗೆ, ಈನಮ್ ಎಂಬ ಕೊಂಬೆಯಲ್ಲಿ ಹೆಸರು ಬರೆದುಕೊಂಡಿರುತ್ತದೆ. ಅಲ್ಲಿ ಅಡ್ಮಿನ್‌ಗೂ ತಿದ್ದುವ ಹಕ್ಕಿಲ್ಲ, ಸಿಸ್ಟಮ್ ಅಕೌಂಟಿನಿಂದ ಹೋಗಬೇಕು. ಸಿಕ್ಕಿದ ಕಡೆ $ಸಿಸ್$ ಇರುವ ಹೆಸರನ್ನು ಮಾತ್ರ ತೆಗೆಯಬೇಕು, ಇಡೀ ಸಾಲನ್ನಲ್ಲ. ಐಡಿಇ ಚಾನೆಲ್ ಕೀಯಲ್ಲಿ ತಪ್ಪಾದರೆ ಅದೇ ಚಾನೆಲ್ ಮೇಲಿರುವ ಹಾರ್ಡ್ ಡಿಸ್ಕೂ ಸಿಗದೆ ವಿಂಡೋಸ್ ಏಳದೇ ಹೋಗಬಹುದು. ರಿಜಿಸ್ಟ್ರಿ ತಿದ್ದಿ ಅಭ್ಯಾಸ ಇಲ್ಲದವರು ಈ ವಾಕ್ಯದ ಬಳಿಯೇ ನಿಲ್ಲಿಸಿ, ಗೊತ್ತಿರುವವರನ್ನು ಕರೆಯಿರಿ. ಕರೆದವರಿಗೆ ಫಿಲ್ಟರ್ ಡ್ರೈವರ್ ತೊಂದರೆ ಎಂದು ಹೇಳಿ, ಇಲ್ಲದಿದ್ದರೆ ಹೊಸ ಡ್ರೈವ್ ಹಾಕಿ ಬಿಲ್ ಕೊಡುತ್ತಾರೆ. ಹೊಸ ಡ್ರೈವಿನಿಂದಲೂ ಐಡಿಇ ಚಾನೆಲ್‌ನ ಫಿಲ್ಟರ್ ಹೋಗುವುದಿಲ್ಲ.

ಲಕ್ಷಣ: ಒಪ್ಪಂದಕ್ಕೆ ಬೇಡ ಎಂದಿದ್ದೆ, ಆದರೂ ಏನೋ ಕೂತಿದೆ

ಇದು ಮೀಡಿಯಾಮ್ಯಾಕ್ಸ್ ನಡತೆ. ಪ್ರೋಗ್ರಾಂ ಫೈಲ್ಸ್ ಒಳಗಿನ ಕಾಮನ್ ಫೈಲ್ಸ್ ಫೋಲ್ಡರಿನಲ್ಲಿ ಸನ್‌ಕಾಮ್ ಶೇರ್ಡ್ ಎಂಬ ಫೋಲ್ಡರ್ ಇದೆಯೇ ನೋಡಿ. ಇದು ಅಡಗುವುದಿಲ್ಲ, ಎಕ್ಸ್‌ಪ್ಲೋರರಿನಲ್ಲೇ ಕಾಣುತ್ತದೆ. ಒಪ್ಪಂದದ ಕಿಟಕಿ ತೋರಿಸುವ ಮುಂಚೆಯೇ ಫೈಲ್‌ಗಳನ್ನು ಯಂತ್ರಕ್ಕೆ ಇಳಿಸುತ್ತಿತ್ತು, ಬೇಡ ಎಂದರೂ ತೆಗೆಯುತ್ತಿರಲಿಲ್ಲ. ಕೆಲವು ಸಂದರ್ಭದಲ್ಲಿ ಡ್ರೈವರೂ ಕಾಯಂ ಆಗಿ ಓಡುತ್ತಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಎಡ್ ಫೆಲ್ಟನ್ ಇದನ್ನು ದಾಖಲಿಸಿದ್ದಾರೆ.

ಭದ್ರತೆಯ ದೋಷ ಆ ಫೋಲ್ಡರಿನಲ್ಲೇ ಇದೆ. ಯಂತ್ರ ಬಳಸುವ ಯಾರು ಬೇಕಾದರೂ ಅದರೊಳಗಿನ ಫೈಲ್ ಬದಲಿಸಬಹುದು. ಹಕ್ಕಿಲ್ಲದ ಅಕೌಂಟಿನವನು ಅಲ್ಲಿ ತನ್ನ ಪ್ರೋಗ್ರಾಂ ಇಟ್ಟು ಹೋದರೆ, ಮುಂದೆ ಅಡ್ಮಿನ್ ಒಬ್ಬರು ಮೀಡಿಯಾಮ್ಯಾಕ್ಸ್ ಡಿಸ್ಕ್ ಹಾಕಿದಾಗ ಅದು ಪೂರ್ತಿ ಹಕ್ಕಿನಲ್ಲಿ ಓಡುತ್ತದೆ. ಇದನ್ನು ಸರಿಪಡಿಸಲು ಕೊಟ್ಟ ಮೊದಲ ಪ್ಯಾಚ್ ಕೂಡ ಅದೇ ಫೈಲನ್ನು ಎಬ್ಬಿಸುತ್ತಿತ್ತು. ಹಾಗಾಗಿ ಡಿಸ್ಕ್ ಮತ್ತೆ ಹಾಕುವುದೂ ಬೇಡ, ಎಲ್ಲೋ ಸಿಕ್ಕ ಹಳೆಯ ಪ್ಯಾಚೂ ಬೇಡ. ಹಲವರು ಬಳಸುವ ಯಂತ್ರವಾದರೆ ಫಾರ್ಮ್ಯಾಟ್ ಮಾಡುವುದೇ ಸರಿ.

ಲಕ್ಷಣ: ತೆಗೆಯುವ ಸಾಧನವನ್ನು ಆಗಲೇ ಓಡಿಸಿದ್ದೆ

2005ರ ನವೆಂಬರಿನಲ್ಲಿ ಬ್ರೌಸರ್ ಮೂಲಕ ಎಕ್ಸ್‌ಸಿಪಿ ತೆಗೆಸಿಕೊಂಡವರು ನೀವಾದರೆ ಒಂದು ವಿಷಯ ತಿಳಿದಿರಲಿ. ಆ ಸಾಧನ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಕೋಡ್‌ಸಪೋರ್ಟ್ ಎಂಬ ಆಕ್ಟಿವ್‌ಎಕ್ಸ್ ಭಾಗವನ್ನು (ವೆಬ್ ಪುಟಗಳು ಕರೆದು ಬಳಸುವ ಸಣ್ಣ ಪ್ರೋಗ್ರಾಂ) ಬಿಟ್ಟು ಹೋಗುತ್ತಿತ್ತು. ಕೆಲಸ ಮುಗಿದ ಮೇಲೂ ಅದು ಅಲ್ಲೇ ಉಳಿಯುತ್ತಿತ್ತು. ಯಾವ ವೆಬ್ ಪುಟ ಬೇಕಾದರೂ ಅದನ್ನು ಕರೆದು, ನಿಮ್ಮ ಯಂತ್ರಕ್ಕೆ ತನ್ನ ಪ್ರೋಗ್ರಾಂ ಇಳಿಸಿ ಓಡಿಸಬಹುದಿತ್ತು. ರೋಗಕ್ಕಿಂತ ಮದ್ದೇ ಕೆಟ್ಟದಾಯಿತು. ಕಂಪನಿ ಆ ಸಾಧನವನ್ನು ಹಿಂದಕ್ಕೆ ಪಡೆದು, ಡಿಸೆಂಬರಿನಲ್ಲಿ ಬೇರೆಯದನ್ನು ಕೊಟ್ಟಿತು.

ವಿಂಡೋಸ್ ಫೋಲ್ಡರಿನ ಒಳಗಿನ ಡೌನ್‌ಲೋಡೆಡ್ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಕೋಡ್‌ಸಪೋರ್ಟ್ ಹೆಸರು ಇದೆಯೇ ನೋಡಿ. ಇದ್ದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ತೆಗೆಯಿರಿ. ಅಂಥ ಯಂತ್ರದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸಿ ವೆಬ್ ನೋಡುವುದನ್ನು ನಿಲ್ಲಿಸಿ. ನಿಜ ಹೇಳಬೇಕೆಂದರೆ ಯಾವ ಎಕ್ಸ್‌ಪಿ ಯಂತ್ರವನ್ನೂ ಇಂಟರ್‌ನೆಟ್‌ಗೆ ಸೇರಿಸಬಾರದು. 2014ರ ಏಪ್ರಿಲ್‌ನಲ್ಲೇ ಅದಕ್ಕೆ ಬೆಂಬಲ ನಿಂತಿದೆ.

ಮತ್ತೆ ಅಂಟದಂತೆ

ಅನುಮಾನದ ಡಿಸ್ಕ್ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದು, ಡ್ರೈವಿನ ದೀಪ ಆರುವವರೆಗೂ ಬಿಡಬೇಡಿ. ಆಟೋರನ್ ಏಳುವುದಿಲ್ಲ. 2003ರಲ್ಲಿ ಹಾಲ್ಡರ್‌ಮನ್ ಅವರು ಆಗಿನ ಮೀಡಿಯಾಮ್ಯಾಕ್ಸ್ ಇಷ್ಟರಿಂದಲೇ ಸೋಲುತ್ತದೆ ಎಂದು ತೋರಿಸಿದ್ದರು. ಸನ್‌ಕಾಮ್ ಮೊಕದ್ದಮೆ ಹೂಡುತ್ತೇವೆ ಎಂದು ಹೇಳಿ ಆಮೇಲೆ ಹಿಂದೆ ಸರಿಯಿತು. ಕೈ ಮರೆಯುವ ಭಯ ಇದ್ದರೆ ಆಟೋರನ್ ಅನ್ನು ಎಲ್ಲ ಡ್ರೈವ್‌ಗಳಿಗೂ ಕಾಯಂ ಆಗಿ ಆಫ್ ಮಾಡಿಸಿ. ಎಂಪಿ3 ಮಾಡುವ ಕೆಲಸವನ್ನು ಅಡ್ಮಿನ್ ಅಲ್ಲದ ಅಕೌಂಟಿನಲ್ಲಿ ಮಾಡಿ. ಸಿಡಿ ಡ್ರೈವಿರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಡಿಸ್ಕ್‌ಗಳನ್ನು ಎಸೆಯಬೇಕಿಲ್ಲ, ಹಾಡು ಚೆನ್ನಾಗಿಯೇ ಇರುತ್ತದೆ. ಡಬ್ಬಿಯ ಮೇಲೆ 'ಕಂಪ್ಯೂಟರಿಗೆ ಹಾಕಬೇಡಿ' ಎಂದು ಚೀಟಿ ಅಂಟಿಸಿ, ಸ್ಟೀರಿಯೋ ಪಕ್ಕ ಇಡಿ. ಯಾರಿಗಾದರೂ ಕೊಡುವಾಗಲೂ ಚೀಟಿಯ ಸಮೇತವೇ ಕೊಡಿ.